ಕೊಂಡಿಯ ನಿವೃತ್ತಿಗಳು

ನಗರದ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ಆಡಿದ ಮಾತನ್ನು ಒಮ್ಮೆಯೂ ಹಿಂತೆಗೆದುಕೊಂಡವರಲ್ಲ. ಕಚೇರಿಯ ಗೋಡೆಯ ಹಿತ್ತಾಳೆ ಫಲಕದಲ್ಲಿ ಇದನ್ನು ಕೆತ್ತಿಸಿರುವುದರಿಂದ ಈ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ. ಕ್ಲಬ್ಬಿನ ಮಿಡ್‌ಫೀಲ್ಡರ್ ನಿವೃತ್ತನಾದದ್ದು ಈ ಕಾರಣದಿಂದಲೇ ಹೊರತು ವಯಸ್ಸು, ಗಾಯ, ಸ್ವಂತ ಇಚ್ಛೆ ಮುಂತಾದ ಕ್ಷುಲ್ಲಕ ಕಾರಣಗಳಿಂದಲ್ಲ.

ಆ ಮಿಡ್‌ಫೀಲ್ಡರನನ್ನು ಎಲ್ಲರೂ ಕೊಂಡಿ ಎಂದೇ ಕರೆಯುತ್ತಿದ್ದರು. ಹಿಂದೆ ಗೋಲು ಕಾಯುವವರಿಗೂ ಮುಂದೆ ಗೋಲು ಹೊಡೆಯುವವರಿಗೂ ನಡುವೆ ನಿಂತು, ಇವರಿಂದ ಚೆಂಡು ಪಡೆದು ಅವರಿಗೆ ತಲುಪಿಸುವುದು ಅವನ ಕೆಲಸ. ಗೋಲು ಹೊಡೆದವನಿಗೆ ಮೆರವಣಿಗೆ, ತಡೆದವನಿಗೆ ಚಪ್ಪಾಳೆ, ನಡುವಿನವನಿಗೆ ಬೆವರು. ಅದರ ಬಗ್ಗೆ ಕೊಂಡಿಗೆ ಯಾವ ತಕರಾರೂ ಇರಲಿಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಫಳ್ಳನೆ ಹೊಳೆಯುತ್ತಿತ್ತು. ಆ ಹೊಳೆಯುವ ಗಳಿಗೆ ಸಿಕ್ಕರೆ ಸಾಕು, ಮಿಕ್ಕಿದ್ದನ್ನು ಬೇಕಾದವರು ಹಂಚಿಕೊಳ್ಳಲಿ ಎಂಬಂಥ ಮನುಷ್ಯ. ಮೂವತ್ತು ದಾಟುವ ಹೊತ್ತಿಗೆ ಅವನ ಆಟ ಹದವಾಗಿ ಪಕ್ವವಾಗಿತ್ತು.

ಆ ವರ್ಷದ ವಾರ್ಷಿಕ ಸಮಾರಂಭದಲ್ಲಿ ಎರಡು ಘೋಷಣೆಗಳಿದ್ದವು. ಒಂದು, ಮೈದಾನದ ಹುಲ್ಲು ನೋಡಿಕೊಳ್ಳುವ ಅಜ್ಜನ ನಿವೃತ್ತಿ. ಇನ್ನೊಂದು, ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಕೊಂಡಿಗೆ. ಅಧ್ಯಕ್ಷರು ಕನ್ನಡಕವನ್ನು ಕಾರಿನಲ್ಲೇ ಬಿಟ್ಟು ವೇದಿಕೆ ಹತ್ತಿದ್ದರು.

"ಅರ್ಧ ಶತಮಾನ ಈ ಮೈದಾನಕ್ಕೆ ದುಡಿದು, ಈಗ ಮಂಡಿ ಬಗ್ಗದಂತಾಗಿರುವ ನಮ್ಮ ಕೊಂಡಿಯವರು ಇಂದಿನಿಂದ ನಿವೃತ್ತರಾಗುತ್ತಿದ್ದಾರೆ," ಎಂದು ಗದ್ಗದಿತರಾಗಿ ಹೇಳಿದರು. ಆಮೇಲೆ ಮಿಂಚಿನ ಓಟಕ್ಕೂ ಚುರುಕು ಪಾದಗಳಿಗೂ ಮನ್ನಣೆಯಾಗಿ ಅಜ್ಜನ ಕೈಗೆ ಬೆಳ್ಳಿಯ ಬಟ್ಟಲು ಕೊಟ್ಟರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮರುದಿನ ಬೆಳಗ್ಗೆ ಕೊಂಡಿ ಕಾರ್ಯದರ್ಶಿಯ ಕೋಣೆಗೆ ಹೋದಾಗ ಅಜ್ಜ ಆಗಲೇ ಅಲ್ಲಿ ಕೂತಿದ್ದರು.

"ಸರ್, ನಾನು ನಿವೃತ್ತಿ ಕೇಳಿಯೇ ಇಲ್ಲ," ಎಂದ ಕೊಂಡಿ.

"ಕೇಳಿದವರಿಗೆ ನಾವು ಯಾವತ್ತಾದ್ರೂ ಏನಾದ್ರೂ ಕೊಟ್ಟಿದ್ದೀವಾ? ನಿಮಗೆ ಕೇಳದೇನೇ ಸಿಕ್ಕಿದೆ. ಖುಷಿಪಡಿ."

"ಕೇಳಿದವನು ನಾನು, ಸ್ವಾಮಿ," ಎಂದರು ಅಜ್ಜ, ಮಂಡಿ ನೀವಿಕೊಳ್ಳುತ್ತ. "ನನ್ನನ್ನ ಬಿಟ್ಟುಬಿಡಿ. ಬಟ್ಟಲು ಇವನಿಗೇ ಇರಲಿ."

ಕಾರ್ಯದರ್ಶಿ ನಕ್ಕರು. "ವರ್ಷದ ಶ್ರೇಷ್ಠ ಆಟಗಾರನನ್ನ ಅದೇ ವರ್ಷ ನಿವೃತ್ತಿ ಮಾಡಿದರೆ ಜನ ನಮ್ಮ ಮುಖಕ್ಕೆ ಉಗೀತಾರೆ, ಅಜ್ಜ. ನೀವು ಇನ್ನೂ ಬೆಳೀಬೇಕು."

ಅಜ್ಜ ಹುಲ್ಲು ಕತ್ತರಿಸಲು ಹೋದರು. ಕೊಂಡಿ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. "ಹಾಗಾದ್ರೆ ನಾನು ಇನ್ನು ಆಡೋ ಹಾಗೇ ಇಲ್ವಾ?"

"ನಿವೃತ್ತರಿಗೆ ಒಂದು ಬೀಳ್ಕೊಡುಗೆ ಪಂದ್ಯ ಇದೆ. ಬೇಕಾದ್ರೆ ಅದನ್ನ ಆಡಬಹುದು."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಕೊಂಡಿ ಒಪ್ಪಿಕೊಂಡ.

ಮನೆಯಲ್ಲಿ ಅವನು ಬೂಟು ತಿಕ್ಕುತ್ತ ಕೂತದ್ದನ್ನು ಕಂಡು ಹೆಂಡತಿಗೆ ಆಶ್ಚರ್ಯವಾಯಿತು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಅವಳಿಗೆ ಎಲ್ಲದಕ್ಕೂ ಲೆಕ್ಕ ತಾಳೆಯಾಗಬೇಕು. "ಬೀಳ್ಕೊಡುಗೆ ಅಂದ್ರೆ ಹೊರಗೆ ಕಳಿಸೋದು ಕಣ್ರೀ. ಅದಕ್ಕೆ ಇಷ್ಟು ಹುರುಪಾ?"

"ಪಂದ್ಯ ಅಂದ್ರೆ ಪಂದ್ಯವೇ ಕಣೇ. ಚೆಂಡಿಗೆ ಗೊತ್ತಾಗುತ್ತಾ, ನಾನು ಬರ್ತಿದ್ದೀನೋ ಹೋಗ್ತಿದ್ದೀನೋ ಅಂತ?"

ಸಾಮಾನ್ಯ ಪಂದ್ಯಗಳಿಗೆ ಪ್ರೇಕ್ಷಕರಿಗಿಂತ ಕಾಗೆಗಳೇ ಹೆಚ್ಚು ಕೂರುತ್ತಿದ್ದ ಆ ಕ್ರೀಡಾಂಗಣದಲ್ಲಿ ಅಂದು ಎಳ್ಳು ಹಾಕಲೂ ಜಾಗವಿರಲಿಲ್ಲ. ಕೊಂಡಿ ಕಾಲು ಗಂಟೆ ಮನಸಾರೆ ಆಡಿದ. ಆಮೇಲೆ ಸೀಟಿ ಊದಿ ಅವನನ್ನು ಹೊರಗೆ ಕರೆಸಿ, ಮೈದಾನದ ಸುತ್ತ ನಡೆಸಿದರು. ಅವನ ತಾಯಿ ಬಿಕ್ಕಿಬಿಕ್ಕಿ ಅತ್ತಳು. ಆಕೆಯನ್ನು ಕಂಡು ಪಕ್ಕದವರು ಅತ್ತರು, ಅವರನ್ನು ಕಂಡು ಇಡೀ ಗ್ಯಾಲರಿ ಅತ್ತಿತು. ಟಿಕೆಟ್ ಕೋಣೆಯಿಂದ ಬಂದ ಸುದ್ದಿ ಕೇಳಿ ಅಧ್ಯಕ್ಷರೂ ಅತ್ತರು.

ಆ ವಾರವೇ ಕ್ಲಬ್ಬು ಪ್ರಕಟಣೆ ಹೊರಡಿಸಿತು: "ಶ್ರೀ ಕೊಂಡಿಯವರ ಪ್ರಥಮ ನಿವೃತ್ತಿಗೆ ದೊರೆತ ಅಭೂತಪೂರ್ವ ಬೆಂಬಲವನ್ನು ಪರಿಗಣಿಸಿ, ಅವರ ದ್ವಿತೀಯ ನಿವೃತ್ತಿಯನ್ನು ಏರ್ಪಡಿಸಲಾಗಿದೆ. ನಿವೃತ್ತಿಯು ಒಂದು ಘಟನೆಯಲ್ಲ, ನಿರಂತರ ಪ್ರಕ್ರಿಯೆ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಅಳುವವರಿಗೆ ಮುಂದಿನ ಸಾಲಿನಲ್ಲಿ ಆಸನಗಳನ್ನು ಕಾಯ್ದಿರಿಸಲಾಗಿದೆ. ಅಳದೆ ಆ ಆಸನಗಳಲ್ಲಿ ಕುಳಿತವರನ್ನು ಎಬ್ಬಿಸಲಾಗುವುದು."

ಎರಡನೆಯದಕ್ಕೂ ಜನ ಮುಗಿಬಿದ್ದರು. ಬೇರೆ ಊರಿನ ಕ್ಲಬ್ಬುಗಳು ತಮ್ಮಲ್ಲೂ ಬಂದು ನಿವೃತ್ತನಾಗಬೇಕೆಂದು ಕೊಂಡಿಗೆ ದುಂಬಾಲು ಬಿದ್ದವು. ಅವನು ಒಮ್ಮೆಯೂ ಆಡದ ಆ ಕ್ಲಬ್ಬುಗಳ ಅಭಿಮಾನಿಗಳು ಇನ್ನೂ ಜೋರಾಗಿ ಅತ್ತರು. ಅವರ ಪಾಲಿಗೆ ಅವನು ಒಂದೇ ಒಂದು ಪಂದ್ಯವನ್ನೂ ಸೋತಿರಲಿಲ್ಲವಷ್ಟೆ. ಹೆಂಡತಿಯ ತಮ್ಮ ಇದ್ದ ಕೆಲಸ ಬಿಟ್ಟು ಗೇಟಿನ ಬಳಿ ಕರವಸ್ತ್ರದ ವ್ಯಾಪಾರ ಹಿಡಿದ. "ಭಾವ, ಇವತ್ತು ಸ್ವಲ್ಪ ನಿಧಾನವಾಗಿ ಹೋಗಿ. ಸ್ಟಾಕ್ ಜಾಸ್ತಿ ಬಂದಿದೆ," ಎನ್ನುತ್ತಿದ್ದ.

ಕೋಚ್ ಈಗ ಬೆಳಗಿನ ಅಭ್ಯಾಸದಲ್ಲಿ ಚೆಂಡನ್ನು ಮುಟ್ಟಿಸುತ್ತಿರಲಿಲ್ಲ. "ಮೊದಲು ಬಲಗಡೆ ಕೈ ಬೀಸು. ಎಡಗಡೆ ದಾನಿಗಳು ಕೂತಿರ್ತಾರೆ, ಅಲ್ಲಿ ಬಂದಾಗ ಕಣ್ಣೊರೆಸು. ಬಗ್ಗಿ ನೆಲ ಮುಟ್ಟು. ಬೇಗ ಏಳಬೇಡ, ಫೋಟೋದವರು ಬೈತಾರೆ."

"ಪಾಸು ಒಂದು ಸಲ ನೋಡಿಬಿಡೋಣ ಸರ್."

"ನಿವೃತ್ತನಾಗೋನಿಗೆ ಪಾಸು ಯಾಕಪ್ಪಾ?"

ಪ್ರತಿ ನಿವೃತ್ತಿಯಲ್ಲೂ ಭಾಷಣ ಹಿಗ್ಗಿತು, ಆಟ ಕುಗ್ಗಿತು. ಕಾಲು ಗಂಟೆಯಿದ್ದದ್ದು ಕೆಲವೇ ನಿಮಿಷಕ್ಕೆ ಇಳಿಯಿತು. ಆ ಕೆಲವು ನಿಮಿಷಗಳಿಗಾಗಿ ಕೊಂಡಿ ವಾರವಿಡೀ ಕಾಯುತ್ತಿದ್ದ. ಊಟದ ತಟ್ಟೆಯ ಮುಂದೆ ಕೂತಾಗಲೂ ಅವನ ಎಡಗಾಲು ಮೇಜಿನ ಕೆಳಗೆ ಯಾರಿಗೋ ಚೆಂಡು ದಾಟಿಸುತ್ತಿತ್ತು. ಹೆಂಡತಿ ಅದನ್ನು ನೋಡಿಯೂ ನೋಡದವಳಂತೆ ನೀರಿನ ಲೋಟವನ್ನು ಅತ್ತ ಸರಿಸುತ್ತಿದ್ದಳು.

ಅನರ್ಥವಾದದ್ದು ಎಷ್ಟನೆಯದೋ ನಿವೃತ್ತಿಯಲ್ಲಿ. ಸೀಟಿ ಇನ್ನೇನು ಊದಬೇಕು, ಚೆಂಡು ಕೊಂಡಿಯ ಕಡೆ ಉರುಳಿ ಬಂತು. ಬಲಗಡೆ ಇಬ್ಬರು ಎದುರಾಳಿಗಳ ನಡುವೆ ದಾರಿಯೊಂದು ತೆರೆದುಕೊಂಡದ್ದು ಫಳ್ಳನೆ ಕಂಡಿತು. ಸೀಟಿ ಕೇಳಿಸಿತು, ಆದರೆ ಕಾಲಿಗೆ ಕೇಳಿಸಲಿಲ್ಲ. ಚೆಂಡು ಬೆಣ್ಣೆಯಿಂದ ಕೂದಲು ಎಳೆದಂತೆ ಆ ದಾರಿಯಲ್ಲಿ ಸಾಗಿತು. ಕೊಂಡಿಗೆ ಕೊಡಬೇಕಾದ ಹೂಗುಚ್ಛ ಹಿಡಿದು ನಿಂತಿದ್ದ ಮುಂಚೂಣಿ ಆಟಗಾರ ಗಾಬರಿಯಲ್ಲಿ ಒದ್ದ. ಗೋಲು! ಕೊಂಡಿ ಹೊರಗೆ ಬರಲಿಲ್ಲ. ಕರೆದರೂ ಬರಲಿಲ್ಲ. ಅಧ್ಯಕ್ಷರು ಮೈಕಿನಲ್ಲಿ ಅವನ ಗುಣಗಾನ ಮಾಡುತ್ತಲೇ ಇದ್ದರು, ಅವನು ಪಂದ್ಯ ಮುಗಿಯುವವರೆಗೂ ಆಡುತ್ತಲೇ ಇದ್ದ. ಎಷ್ಟೋ ಕಾಲದ ಮೇಲೆ ಅವನ ಮೈ ಬೆವೆತಿತ್ತು, ಮುಖದಲ್ಲಿ ಕಳೆಯಿತ್ತು.

ಗ್ಯಾಲರಿಯಿಂದ ಕೂಗು ಎದ್ದಿತು. "ಮೋಸ! ಹೋಗ್ತೀನಿ ಅಂತ ಕರೆಸಿ ಹೋಗಲೇ ಇಲ್ಲ! ಬರೀ ಫುಟ್‌ಬಾಲ್ ತೋರಿಸಿ ಕಳಿಸ್ತಿದ್ದಾರೆ!"

ವಿಚಾರಣಾ ಸಮಿತಿ ಸೇರಿತು.

"ಯಾಕೆ ಆಡಿದಿರಿ?" ಎಂದು ಅಧ್ಯಕ್ಷರು ಕೇಳಿದರು.

"ಚೆಂಡು ಬಂತು ಸರ್."

"ಬಂದ್ರೆ?"

"ಖಾಲಿ ಜಾಗ ಕಾಣಿಸ್ತು."

"ಖಾಲಿ ಜಾಗ ಕಂಡ್ರೆ ಮೊದಲು ಆಡಳಿತ ಮಂಡಳಿಗೆ ತಿಳಿಸಬೇಕು. ಅಂಗಡಿ ಮಳಿಗೆ ಕಟ್ಟಿಸ್ತಿದ್ವಿ."

ಕೊಂಡಿ ತಲೆ ತಗ್ಗಿಸಿದ. ಅವನ ಕಣ್ಣಲ್ಲಿ ಅಂದು ನಿಜವಾದ ನೀರಿತ್ತು. ತರಬೇತಿಗೆ ತಕ್ಕಂತೆ ಇಲ್ಲವೆಂದು ಕೋಚ್ ಮುಖ ಸಿಂಡರಿಸಿದರು. ಸಮಿತಿ ಸುದೀರ್ಘವಾಗಿ ಆಲೋಚಿಸಿ, ಆಟಗಾರ ನಿರ್ದೋಷಿಯೆಂದೂ ಅವನನ್ನು ಪ್ರಚೋದಿಸಿದ್ದು ಚೆಂಡೆಂದೂ ತೀರ್ಪಿತ್ತಿತು. "ಇನ್ನು ಮುಂದೆ ಯಾವುದೇ ಬೀಳ್ಕೊಡುಗೆ ಪಂದ್ಯದಲ್ಲಿ ಚೆಂಡಿನ ಪ್ರವೇಶವನ್ನು ನಿಷೇಧಿಸಲಾಗಿದೆ" ಎಂಬ ನಿಯಮ ಜಾರಿಗೆ ಬಂತು. ಕ್ಲಬ್ಬಿನ ಚೆಂಡುಗಳೆಲ್ಲ ಉಗ್ರಾಣ ಸೇರಿದವು.

ಮುಂದಿನ ಪಂದ್ಯ ಚೆಂಡಿಲ್ಲದೆ ಆರಂಭವಾಯಿತು. ಆಟಗಾರರು ಎಂದಿನಂತೆ ಓಡಿದರು, ಬಿದ್ದರು, ಬೈದಾಡಿದರು. ಕೊಂಡಿ ನಡುವೆ ನೆಟ್ಟ ಕಂಬದಂತೆ ನಿಂತಿದ್ದ. ಅಷ್ಟರಲ್ಲಿ ಹಿಂದಿನವನು ಗಾಳಿಗೆ ಕಾಲು ಬೀಸಿ, "ಹಿಡ್ಕೋ ಕೊಂಡಿ!" ಎಂದು ಕೂಗಿದ. ಕೊಂಡಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಎಡಗಡೆ ದಾರಿಯೊಂದು ಕಂಡಿತು. ಅವನ ಕಾಲು ತಾನಾಗಿ ಎದ್ದಿತು.

ಮುಂದಿನವನು ಓಡಿ ಹೋಗಿ ಒದ್ದ. ಎದುರಾಳಿ ಗೋಲ್‌ಕೀಪರ್ ಚಿರತೆಯಂತೆ ಹಾರಿದ, ತುದಿಬೆರಳಲ್ಲಿ ತಪ್ಪಿತು. ರೆಫರಿ ಗೋಲೆಂದು ಸೀಟಿ ಊದಿದ. ಎದುರಾಳಿಗಳು ಅದು ಆಫ್‌ಸೈಡ್ ಎಂದು ಜಗಳ ತೆಗೆದರು. ರೆಫರಿ ಗೆರೆಯಂಚಿನ ಸಹಾಯಕನೊಡನೆ ಬಹಳ ಹೊತ್ತು ಸಮಾಲೋಚಿಸಿ, ಅವರ ಆಕ್ಷೇಪವನ್ನು ತಳ್ಳಿಹಾಕಿದ. ಗ್ಯಾಲರಿ ಹುಚ್ಚೆದ್ದು ಕುಣಿಯಿತು. ತಕ್ಕ ಸಮಯಕ್ಕೆ ಕೊಂಡಿ ಹೊರನಡೆದ, ತಕ್ಕ ಸಮಯಕ್ಕೆ ಎಲ್ಲರೂ ಅತ್ತರು. ಕೊಂಡಿಯ ಒಂದೇ ಒಂದು ಪಾಸೂ ಗುರಿ ತಪ್ಪಲಿಲ್ಲವೆಂದು ಮರುದಿನದ ಪತ್ರಿಕೆ ಕೊಂಡಾಡಿತು. ಚೆಂಡಿನ ಖರ್ಚು ಉಳಿದುದನ್ನು ಗಮನಿಸಿ ಉಳಿದ ಕ್ಲಬ್ಬುಗಳೂ ಈ ಸುಧಾರಣೆಯನ್ನು ಎಲ್ಲ ಪಂದ್ಯಗಳಿಗೂ ಅಳವಡಿಸಿಕೊಂಡವು.

ಪಂದ್ಯ ಮುಗಿದ ಮೇಲೆ ಕೊಂಡಿ, ತಾಯಿ, ಹೆಂಡತಿ ಮೂವರೂ ಒಟ್ಟಿಗೆ ಮನೆಗೆ ನಡೆದರು. "ಇವತ್ತು ನಿನ್ನ ಆಟ ನೋಡೋಕೆ ಎರಡು ಕಣ್ಣು ಸಾಲದು ಮಗನೇ," ಎಂದು ತಾಯಿ ಅವನ ಬೆನ್ನು ಸವರಿದಳು. ಹೆಂಡತಿ ರಸ್ತೆ ತಿರುಗುವವರೆಗೂ ಗಂಡನ ಮುಖವನ್ನೇ ನೋಡುತ್ತ ಬಂದಳು. ಅವನ ಮುಖದಲ್ಲಿ ಕಳೆಯಿತ್ತು.

"ಕೊನೇ ಪಾಸು ಸ್ವಲ್ಪ ಜೋರಾಯ್ತು ಕಣೇ," ಎಂದ ಕೊಂಡಿ.

ಹೆಂಡತಿ ಅವನ ಕಾಲಿನತ್ತ ಒಮ್ಮೆ ನೋಡಿದಳು.

"ಗಾಳಿ ಇತ್ತಲ್ರೀ," ಎಂದಳು.