ತಪ್ಪೇ ಮಾಡದ ಪತ್ತೇದಾರರಿಗೆ, ಕಳೆದ ವಸ್ತುಗಳ ಕೊಠಡಿಯಿಂದ

ಹದಿನಾರು ಪ್ರಕರಣಗಳನ್ನು ಹದಿನಾರು ಸಲವೂ ಸರಿಯಾಗಿಯೇ ಬಿಡಿಸಿದ, ಬೂದು ಕೋಟಿನ, ಇಸ್ತ್ರಿ ಕೆಡದ ಪ್ಯಾಂಟಿನ, ವಿಡಿಯೋ ಗೇಮಿನ ಘನ ಪತ್ತೇದಾರರ ಸನ್ನಿಧಾನಕ್ಕೆ,

ಮಾನ್ಯರೇ,

ಬಸ್ ನಿಲ್ದಾಣದ ಕಳೆದ ವಸ್ತುಗಳ ಕೊಠಡಿಯ ಗುಮಾಸ್ತನು ಬಾಗಿ ಮಾಡುವ ನಮಸ್ಕಾರಗಳು. ಪತ್ರದ ಮೊದಲಿಗೆ ಕ್ಷೇಮ ವಿಚಾರಿಸುವುದು ವಾಡಿಕೆ. ಆದರೆ ತಾವು ಕ್ಷೇಮವಾಗಿರದೆ ಬೇರೆ ದಾರಿಯೇ ಇಲ್ಲವೆಂದು ಬಲ್ಲೆ. ನಾಲ್ಕನೆಯ ಪ್ರಕರಣದಲ್ಲಿ ಮೂರನೇ ಮಹಡಿಯಿಂದ ಬಿದ್ದ ಮೇಲೂ ತಾವು ಕೋಟಿನ ಧೂಳು ಕೊಡವಿ, ಬಿದ್ದ ಜಾಗದಲ್ಲೇ ಒಂದು ಸುಳಿವು ಹೆಕ್ಕಿಕೊಂಡು ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವಿಲ್ಲಿ ಅಷ್ಟೇನೂ ಕ್ಷೇಮವಾಗಿಲ್ಲ. ತಮ್ಮ ದೆಸೆಯಿಂದ, ಅಥವಾ ತಮ್ಮನ್ನು ಕಂಡು ತಲೆ ತಿರುಗಿದ ನನ್ನ ದೆಸೆಯಿಂದ, ಒಬ್ಬ ದರ್ಜಿ ಹೆಂಗಸಿನ ಕತ್ತರಿ ಐವತ್ತಮೂರು ದಿನ ನನ್ನ ಕಪಾಟಿನಲ್ಲಿ ಸೆರೆಯಾಗಿತ್ತು. ಆ ಕುರಿತ ದೂರನ್ನು ತಮ್ಮ ಪಾದಕ್ಕೆ ಅರ್ಪಿಸಲು ಈ ಪತ್ರ.

ಮೊದಲು ನನ್ನ ಪರಿಚಯ. ನಿಲ್ದಾಣದ ಹಿಂಬದಿಯಲ್ಲಿ, ಶೌಚಾಲಯಕ್ಕೂ ಕಂಡಕ್ಟರುಗಳು ಚಹಾ ಕುಡಿಯುವ ಬೆಂಚಿಗೂ ನಡುವೆ, ಒಂದು ಕಿಟಕಿ ಮತ್ತು ಒಂದು ಕೌಂಟರು ಇರುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೂತಿದ್ದೇನೆ. ಜನ ಬಸ್ಸಿನಲ್ಲಿ ಮರೆತುಹೋದ ಕೊಡೆ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಪೂರ್ತಿ ಒಂದು ಹಲ್ಲಿನ ಸೆಟ್ಟು, ಎಲ್ಲವೂ ನನ್ನ ಬಳಿಗೇ ಬರುತ್ತವೆ. ಅವಕ್ಕೆ ಬಸ್ಸಿನ ನಂಬರು, ಕಂಡಕ್ಟರ ಹೆಸರು ಬರೆದ ಚೀಟಿ ಕಟ್ಟಿ ಕಪಾಟಿನಲ್ಲಿಡುತ್ತೇನೆ. ವಾರಸುದಾರರು ಬಂದರೆ ಮೂರು ಪ್ರಶ್ನೆ ಕೇಳಿ, ಉತ್ತರ ಹೊಂದಿದರೆ ಕೊಟ್ಟು ಕಳಿಸುತ್ತೇನೆ. ಅರವತ್ತು ದಿನ ಕಳೆದರೆ ವಸ್ತು ಹರಾಜಿಗೆ ಹೋಗುತ್ತದೆ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಹಿರಿಯರು ಕೊನೆಯ ದಿನ ಬೀಗದ ಕೈ ಒಪ್ಪಿಸುತ್ತಾ ಹೇಳಿದ್ದು ಇಷ್ಟೇ: "ಪಟಪಟ ಪಟ್ಟಿ ಒಪ್ಪಿಸೋನನ್ನ ಇನ್ನೊಂದ್ಸಲ ಕೇಳು, ತಡವರಿಸೋರಿಗೆ ಕೊಟ್ಬಿಡು. ತನ್ನ ಚೀಲದಲ್ಲಿ ಏನಿದೆ ಅಂತ ಯಾರಿಗೂ ಪೂರ್ತಿ ನೆನಪಿರಲ್ಲ." ಈ ಒಂದು ಮಾತನ್ನು ನೆಚ್ಚಿಕೊಂಡು ನಾನು ಹೆಚ್ಚೇನೂ ಎಡವದೆ ನಡೆದುಬಂದಿದ್ದೆ.

ಅಷ್ಟರಲ್ಲಿ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ನನ್ನ ಹೆಂಡತಿಯ ತಂಗಿ ಹೊಸ ಗೇಮ್ ಯಂತ್ರ ಕೊಂಡವಳು, ಹಳೆಯದನ್ನು "ಭಾವ, ನೀವೂ ಒಂಥರಾ ಪತ್ತೇದಾರರೇ ಅಲ್ವಾ, ಇಟ್ಕೊಳ್ಳಿ" ಎಂದು ನಮಗೆ ದಾಟಿಸಿದಳು. ಅಂದಿನಿಂದ ಭಾನುವಾರದ ಮಧ್ಯಾಹ್ನಗಳೆಲ್ಲ ತಮ್ಮ ಸೇವೆಗೆ ಮೀಸಲಾದವು.

ತಮ್ಮ ಗುಣಗಾನಕ್ಕೆ ಕಾಗದ ಸಾಲದು. ತಮಗೆ ಏಳು ಭಾಷೆ ಬರುತ್ತದೆ, ಕತ್ತಿವರಸೆ ಬರುತ್ತದೆ, ಪಿಯಾನೋ ಬರುತ್ತದೆ, ವಿಷವನ್ನು ಮೂಸಿ ಅದನ್ನು ಕೊಂಡ ಅಂಗಡಿಯ ಬೀದಿ ಹೇಳಲು ಬರುತ್ತದೆ. ಅರ್ಧ ಪ್ರಕರಣ ಮಳೆಯಲ್ಲೇ ನಡೆದರೂ ತಮ್ಮ ಕೋಟು ಒದ್ದೆಯಾಗುವುದಿಲ್ಲ. ಬಹುಶಃ ಮಳೆಗೂ ತಮ್ಮ ಮೇಲೆ ಬೀಳಲು ಸಂಕೋಚ. ಹಸಿವಿಲ್ಲ, ಸೀನಿಲ್ಲ, ಇಡೀ ಆಟದಲ್ಲಿ ಒಂದೇ ಒಂದು ಸಲವೂ ತಾವು "ಏನಂದಿರಿ, ಸರಿಯಾಗಿ ಕೇಳಿಸಲಿಲ್ಲ" ಎಂದದ್ದಿಲ್ಲ. ಜೊತೆಗಿರುವ ಇನ್‌ಸ್ಪೆಕ್ಟರರಂತೂ "ಅದ್ಭುತ" ಎಂಬುದೊಂದನ್ನು ಬಿಟ್ಟು ಬಾಯಿಬಿಟ್ಟವರಲ್ಲ. ಆ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ.

ಇಷ್ಟೆಲ್ಲದರ ನಡುವೆ ಆಡುವ ನನಗೆ ಉಳಿಯುವ ಕೆಲಸವೆಂದರೆ ತಮ್ಮನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಸಿಕೊಂಡು ಹೋಗುವುದು. ಕಿಟಕಿಯ ಪರದೆಯ ಹಿಂದೆ ಏನಿರಬಹುದೆಂದು ನಾನು ಆಸೆಪಟ್ಟು ಆ ಕಡೆ ಎರಡು ಹೆಜ್ಜೆ ಇಡಿಸಿದರೆ, "ಅಲ್ಲಿ ನೋಡುವಂಥದ್ದು ಏನೂ ಇಲ್ಲ" ಎಂದು ತಾವೇ ಹಿಂದಿರುಗುತ್ತೀರಿ. ಹೇಗೋ ಏಗಾಡಿ ಒಂದು ಹೆಜ್ಜೆಗುರುತು ಹುಡುಕಿಕೊಟ್ಟರೆ, ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ತಾವು ತೋರುಬೆರಳೆತ್ತಿ, ಕೋಣೆಯೆಲ್ಲ ಮಬ್ಬಾಗಿ, "ಸ್ಪಷ್ಟವಾಗಿದೆ" ಎಂದು ಶುರುಹಚ್ಚುತ್ತೀರಿ. ಹೆಜ್ಜೆಯವನ ಎತ್ತರ, ಅವನ ಕಸುಬು, ಅವನ ತಾಯಿಯ ಮಂಡಿನೋವು, ಎಲ್ಲವೂ ಒಂದೇ ಉಸಿರಿನಲ್ಲಿ ಹೊರಗೆ ಬೀಳುತ್ತವೆ. ಆರನೆಯ ಪ್ರಕರಣದಲ್ಲಿ, ಒಂದು ಸಲವಾದರೂ ತಾವು ತಪ್ಪುವುದನ್ನು ನೋಡಬೇಕೆಂಬ ದುರಾಸೆಯಿಂದ, ಬೇಕೆಂದೇ ಮನೆಯೊಡತಿಯ ಬೆಕ್ಕಿನ ಮೇಲೆ ಆರೋಪದ ಬಟನ್ ಒತ್ತಿದೆ. ತಾವು ಮುಗುಳ್ನಕ್ಕು, "ಕೈ ಜಾರಿರಬೇಕು" ಎಂದು ನನ್ನ ಮಾನ ಕಾಪಾಡಿ, ನಿಜವಾದ ಕಳ್ಳನತ್ತ ತಾವಾಗಿಯೇ ಬೆರಳು ತಿರುಗಿಸಿದಿರಿ. ಸ್ವಂತ ಮನೆಯಲ್ಲಿ, ಸ್ವಂತ ಸೋಫಾದ ಮೇಲೆ ಕೂತು ಒಂದು ತಪ್ಪು ಮಾಡುವ ಸ್ವಾತಂತ್ರ್ಯವೂ ನನಗೆ ಉಳಿಯಲಿಲ್ಲ.

ಇದನ್ನೆಲ್ಲ ಸಹಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು. ಹತ್ತನೆಯ ಪ್ರಕರಣ ಮುಗಿಯುವ ಹೊತ್ತಿಗೆ ನನಗೂ ನನ್ನ ಕೌಂಟರಿನಲ್ಲಿ ಸುಳಿವುಗಳು ಕಾಣತೊಡಗಿದವು. ಕೊಡೆ ಕೇಳಲು ಬಂದವರೊಬ್ಬರ ತೋಳಿನ ಮೇಲಿದ್ದ ಕೂದಲು ನೋಡಿ "ತಾವು ಕ್ಷೌರಿಕರಲ್ಲವೇ" ಎಂದೆ. ಅವರು ಬ್ಯಾಂಕಿನಲ್ಲಿ ಕ್ಯಾಷಿಯರು, ಮನೆಯಲ್ಲಿ ನಾಯಿ ಸಾಕಿದ್ದಾರಂತೆ. ಕೊಡೆ ಹೇಗೂ ಅವರದ್ದೇ ಆಗಿದ್ದರಿಂದ ನಕ್ಕು ತೆಗೆದುಕೊಂಡು ಹೋದರು. ಅಲ್ಲಿಗೇ ನಾನು ಬೆರಳು ಮಡಚಿ ಕೂತಿದ್ದರೆ ಇಂದು ತಮ್ಮ ಅಮೂಲ್ಯ ಸಮಯ ಹಾಳಾಗುತ್ತಿರಲಿಲ್ಲ.

ಆ ದಿನ ಬಂದವರು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಮೂರು ದಿನದ ಹಿಂದೆ ಬಸ್ಸಿನಲ್ಲಿ ಹೊಲಿಗೆ ಸಾಮಾನಿನ ತಗಡಿನ ಪೆಟ್ಟಿಗೆ ಮರೆತೆನೆಂದರು. ಒಳಗೆ ಏನಿದೆಯೆಂದು ಕೇಳಿದರೆ ಕತ್ತರಿ, ಟೇಪು, ಸೀಮೆಸುಣ್ಣ, ನೀಲಿ ದಾರ ಎಂದು ಹೇಳಿ, ಇನ್ನೂ ಏನೋ ಇದೆ, ನೆನಪಾಗುತ್ತಿಲ್ಲ ಎಂದು ತಡವರಿಸಿದರು. ಹಳೆಯ ನಾನಾಗಿದ್ದರೆ ಅಷ್ಟಕ್ಕೇ ಪೆಟ್ಟಿಗೆ ಕೊಟ್ಟುಬಿಡುತ್ತಿದ್ದೆ. ಆದರೆ ಹಿಂದಿನ ದಿನವೇ ನಾನು ಆ ಕತ್ತರಿಯಿಂದ ಒಂದು ಕಾಗದ ಕತ್ತರಿಸಲು ಹೋಗಿದ್ದೆ. ಅದು ಕಾಗದವನ್ನು ಕತ್ತರಿಸದೆ ಅಗಿದುಹಾಕಿತ್ತು. ನೋಡಿದರೆ ಅದು ಎಡಗೈಯವರಿಗೆಂದೇ ಮಾಡಿದ ಕತ್ತರಿ, ಅಲಗುಗಳು ಅದಲುಬದಲು. ಆಕೆಯೋ, ನನ್ನ ಕಣ್ಣೆದುರೇ ಅರ್ಜಿಯನ್ನು ಬಲಗೈಯಲ್ಲಿ ತುಂಬಿ, ಬಲಗೈಯಲ್ಲೇ ಸಹಿ ಹಾಕಿದ್ದರು.

ಮಾನ್ಯರೇ, ನಾನು ಬೆರಳೆತ್ತಿದೆ. "ಸ್ಪಷ್ಟವಾಗಿದೆ" ಎಂದೆ. ಕತ್ತರಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಎಡಗೈಯ ಕತ್ತರಿಗೂ ಬಲಗೈಯ ಸಹಿಗೂ ಇರುವ ದೂರವನ್ನು ವಿವರಿಸಿ, ಇದು ತಮ್ಮದಾಗಿರಲು ಸಾಧ್ಯವಿಲ್ಲವೆಂದು ತೀರ್ಪು ಕೊಟ್ಟು, ತಿರಸ್ಕೃತ ಅರ್ಜಿಯನ್ನು ಹರಿಯಬೇಕೆಂಬ ನಿಯಮದಂತೆ ಅವರ ವಿಳಾಸವಿದ್ದ ಕಾಗದವನ್ನು ಅವರೆದುರೇ ನಾಲ್ಕು ಚೂರು ಮಾಡಿದೆ. ಸಾಲಿನಲ್ಲಿದ್ದ ಊಟದ ಡಬ್ಬಿಯವರೊಬ್ಬರು ಚಪ್ಪಾಳೆಯನ್ನೂ ತಟ್ಟಿದರು. ತಮ್ಮ ಆಟದಲ್ಲಿ ಇಂಥ ಹೊತ್ತಿಗೆ ಆರೋಪಿಗಳು ಕುಸಿದು ಕೂತು, ಬಾಲ್ಯದಿಂದ ಶುರುಮಾಡಿ ಎಲ್ಲ ಒಪ್ಪಿಕೊಳ್ಳುತ್ತಾರೆ. ಈಕೆ ಹಾಗೇನೂ ಮಾಡಲಿಲ್ಲ. ಕತ್ತರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸರಿ" ಎಂದು ಹೊರಟುಹೋದರು.

ಸಂಜೆ ಮನೆಗೆ ಹೋಗಿ ಈ ವಿಜಯವನ್ನು ಕೈಸನ್ನೆ ಸಮೇತ ಹೆಂಡತಿಗೆ ಬಣ್ಣಿಸಿದೆ. ಅವಳು ಹುರುಳಿಕಾಯಿ ಹೆಚ್ಚುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ ಚಾಕು ಕೆಳಗಿಟ್ಟು, ಅಂಗಡಿಯ ಚೀಟಿ ಬರೆದು ನನ್ನ ಮುಂದೆ ಇಟ್ಟು, "ಈಗ ಯಾವ ಕೈಲಿ ಬರೆದೆ, ಯಾವ ಕೈಲಿ ಹೆಚ್ಚಿದೆ ಹೇಳಿ" ಎಂದಳು. ನಾನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. "ಎಡಗೈಲಿ ಬರೆದ್ರೆ ಮೇಷ್ಟ್ರು ಗೆಣ್ಣಿಗೆ ಹೊಡೀತಿದ್ರು, ಅದಕ್ಕೆ ಬರೆಯೋದು ಬಲಗೈಗೆ ಬಂತು. ಮಿಕ್ಕ ಕೆಲಸಕ್ಕೆ ಯಾರೂ ಹೊಡೀಲಿಲ್ಲ, ಅದು ಎಡಗೈಲೇ ಉಳೀತು. ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀರಿ" ಎಂದು ಅವಳು ಮತ್ತೆ ಚಾಕು ಹಿಡಿದಳು, ಎಡಗೈಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಕೇಳಿದ್ದೆ; ಅದು ಕಣ್ಣಿಗೂ ಬೀಳುವುದಿಲ್ಲವೆಂದು ಅಂದು ತಿಳಿಯಿತು.

ಆ ವಾರದ ಭಾನುವಾರ, ಇಂಥ ಸಂದರ್ಭದಲ್ಲಿ ತಮ್ಮಂಥ ಮಹನೀಯರು ಏನು ಮಾಡುವರೆಂದು ತಿಳಿಯಲು ಆಟ ತೆರೆದೆ. ಕಂಟ್ರೋಲರಿನಲ್ಲಿ ಓಡಲು ಒಂದು ಬಟನ್ ಇದೆ, ಜಿಗಿಯಲು ಇದೆ, ಭೂತಗನ್ನಡಿ ಹಿಡಿಯಲು ಇದೆ, ಆರೋಪ ಹೊರಿಸಲು ಎಲ್ಲಕ್ಕಿಂತ ದೊಡ್ಡದಾದ ಕೆಂಪು ಬಟನ್ ಇದೆ. ಎಲ್ಲವನ್ನೂ ಒಂದೊಂದಾಗಿ, ಆಮೇಲೆ ಎರಡೆರಡಾಗಿ ಒತ್ತಿ ನೋಡಿದೆ. "ತಪ್ಪಾಯಿತು" ಎನ್ನಲು ಎಲ್ಲಿಯೂ ಇಲ್ಲ. ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಏನೆಂದರೆ, ಮುಂದಿನ ಆವೃತ್ತಿಯಲ್ಲಿ ತಾವು ದಯವಿಟ್ಟು ಒಂದು ನೆಗಡಿ ಹಿಡಿಸಿಕೊಳ್ಳಬೇಕು, ಆ ನೆಗಡಿಯಲ್ಲಿ ವಿಷದ ವಾಸನೆ ತಪ್ಪಬೇಕು, ಏನೂ ಮಾಡದ ಒಬ್ಬರ ಮೇಲೆ ಹತ್ತು ಜನರೆದುರು ಬೆರಳು ಮಾಡಬೇಕು, ಮಾರನೆಯ ದಿನ ಅದು ತಿಳಿದು ಅವರ ಮನೆಯ ಬಾಗಿಲವರೆಗೆ ಹೋಗಿ, ಬಾಗಿಲು ಬಡಿಯಲಾರದೆ ಎರಡು ಸಲ ವಾಪಸ್ ಬರಬೇಕು. ಇನ್‌ಸ್ಪೆಕ್ಟರರು ಆ ಹೊತ್ತಿಗೆ ಏನೆನ್ನುತ್ತಾರೋ ಕೇಳುವ ಆಸೆಯೂ ಇದೆ. ಇಷ್ಟನ್ನು ನಡೆಸಿಕೊಟ್ಟರೆ ಬೆಕ್ಕಿನ ವಿಷಯವನ್ನು ನಾನು ಮರೆತುಬಿಡುತ್ತೇನೆ.

ಆ ಭಾನುವಾರ ತಮ್ಮ ಆಟದಲ್ಲಿ ಉತ್ತರ ಸಿಗಲಿಲ್ಲವಾಗಿ ಆಕೆಯನ್ನು ನಾನೇ ಹುಡುಕತೊಡಗಿದೆ. ಚಟ ಎಲ್ಲಿ ಬಿಡುತ್ತದೆ? ಪೆಟ್ಟಿಗೆಯಲ್ಲಿ ನೀಲಿ ದಾರ ಹೆಚ್ಚಾಗಿದ್ದುದರಿಂದ ಶಾಲೆಯ ಸಮವಸ್ತ್ರ ಹೊಲಿಯುವವರಿರಬೇಕೆಂದು ತರ್ಕಿಸಿ, ರಜೆಯ ದಿನಗಳಲ್ಲಿ ಶಾಲೆಗಳ ಅಕ್ಕಪಕ್ಕದ ದರ್ಜಿ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬರು ನನ್ನನ್ನು ತೆರಿಗೆಯವರೆಂದು ತಿಳಿದು ಶಟರ್ ಎಳೆದರು. ಹರಾಜಿಗೆ ಏಳು ದಿನ ಉಳಿದಾಗ, ಪಟ್ಟಿ ಮಾಡಲೆಂದು ಪೆಟ್ಟಿಗೆಯ ಚೀಟಿ ಓದಿದೆ. ನಾನೇ ಬರೆದ ಕಂಡಕ್ಟರ ಹೆಸರು. ಆತ ನನ್ನ ಕಿಟಕಿಯಿಂದ ಹತ್ತಡಿ ದೂರದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ. ಕೇಳಿದರೆ, "ಟೇಲರಮ್ಮನಾ? ದಿನಾ ನನ್ನ ಬಸ್ಸಲ್ಲೇ ಬರ್ತಾರಲ್ಲ, ಔಷಧಿ ಅಂಗಡಿ ಸ್ಟಾಪಲ್ಲಿ ಇಳೀತಾರೆ, ಎದುರಿಗೇ ಅವರ ಮಿಷಿನ್ನು" ಎಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ತಾವಾಗಿದ್ದರೆ ಆ ದಾರದ ತುದಿ ನೋಡಿಯೇ ಆ ಅಂಗಡಿಗೆ ಹೋಗಿರುತ್ತಿದ್ದಿರಿ, ಒಪ್ಪಿದೆ. ಆದರೆ ತಾವು ಅಲ್ಲಿ ಏನು ಹೇಳುತ್ತಿದ್ದಿರಿ ಎಂಬುದು ನನ್ನ ಪ್ರಶ್ನೆ.

ಅರ್ಧ ದಿನದ ರಜೆ ಹಾಕಿ ಪೆಟ್ಟಿಗೆ ತೆಗೆದುಕೊಂಡು ಹೋದೆ. ಮೆಟ್ಟಿಲ ಕೆಳಗಿನ ಸಣ್ಣ ಜಾಗ. ಒಂದು ಮಿಷಿನ್ನು, ಒಂದು ಸ್ಟೂಲು, ಗೋಡೆಗೆ ತೂಗುಹಾಕಿದ ಬಟ್ಟೆಗಳು. ಆಕೆ ಯಾರಿಂದಲೋ ಎರವಲು ತಂದ ಬಲಗೈಯ ಕತ್ತರಿಯನ್ನು ಎಡಗೈಯಲ್ಲಿ ತಿರುಚಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಅದರ ಬುಡ ಊದಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳಲ್ಲಿ "ತಪ್ಪಾಯ್ತಮ್ಮ" ಎಂಬುದೊಂದು ಬಿಟ್ಟು ಮತ್ತೇನೂ ಹೊರಬರಲಿಲ್ಲ. ಅವರು ಪೆಟ್ಟಿಗೆ ತೆರೆದು, ಕತ್ತರಿ ತೆಗೆದು, ಎಡಗೈಗೆ ಹಾಕಿಕೊಂಡು ಗಾಳಿಯಲ್ಲಿ ಎರಡು ಸಲ ಆಡಿಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸ್ಟೂಲು ನನ್ನ ಕಡೆ ತಳ್ಳಿ, "ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ, ವಾಪಸ್ ಬರ್ತಾ ಬಸ್ಸಲ್ಲಿ ಕೂತು ನನಗೇ ಅನುಮಾನ ಬಂತು, ಮೂವತ್ತು ವರ್ಷ ಹಿಡಿದ ಕತ್ತರಿ, ಆದ್ರೂ ನಂದು ಬೇರೆ ಇತ್ತೇನೋ, ನಾನೇ ಮರೆತೆನೇನೋ ಅಂತ. ವಯಸ್ಸಾಯ್ತು ನೋಡಿ. ಅದಕ್ಕೇ ಇನ್ನೊಂದ್ಸಲ ಕೇಳೋಕೆ ಬರ್ಲಿಲ್ಲ" ಎಂದರು.

ಮೂವತ್ತು ವರ್ಷ ಕೈಯಲ್ಲಿ ಹಿಡಿದ ಕತ್ತರಿ ತನ್ನದು ಹೌದೋ ಅಲ್ಲವೋ ಎಂದು ಒಬ್ಬರು ಅನುಮಾನಪಡುವಂತೆ ಮಾಡಲು ನನಗೆ ಬೇಕಾದದ್ದು ಒಂದು ಬೆರಳು, ಒಂದು ಮಾತು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ. ತಾವು ಕಳಿಸಿದ ಹದಿನಾರು ಜನರೂ ಸೆರೆಮನೆಯಲ್ಲಿ ಏನು ಯೋಚಿಸುತ್ತಾ ಕೂತಿದ್ದಾರೋ, ಬಿಡುವಾದಾಗ ಒಮ್ಮೆ ವಿಚಾರಿಸಿ.

ಇಂತಿ, ಹಾಗೆಂದು ಹೇಳಿಕೊಳ್ಳುವ ಧೈರ್ಯ ಇರುವವರೆಗೆ,
ತಮ್ಮ ವಿಶ್ವಾಸಿ,
ಕಳೆದ ವಸ್ತುಗಳ ಕೊಠಡಿಯ ಗುಮಾಸ್ತ

ಮರೆತ ಮಾತು: ನನ್ನ ಕೆಲಸದ ಕೋಟಿನ ತೋಳು ಬಿಗಿಯಾಗಿತ್ತು; ಟೇಲರಮ್ಮ ಅದನ್ನು ಮೊನ್ನೆ ಬಿಚ್ಚಿ ಸಡಿಲಮಾಡಿಕೊಟ್ಟರು. ಅಳತೆ ತಪ್ಪಿದರೆ ಸರಿಪಡಿಸಲು ಇರಲಿ ಎಂದು ಪ್ರತಿ ಹೊಲಿಗೆಯ ಒಳಗೂ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಂತೆ, ಅದನ್ನು ಬಿಡದೆ ಹೊಲಿಯುವವರು ಒಳ್ಳೆಯ ದರ್ಜಿಗಳಲ್ಲವಂತೆ. ತಮ್ಮ ಬೂದು ಕೋಟು ನೋಡಲು ಬಹಳ ಚೆನ್ನಾಗಿದೆ, ಮಾನ್ಯರೇ. ಒಮ್ಮೆ ಒಳಮಗ್ಗುಲು ತಿರುಗಿಸಿ ನೋಡಿಕೊಳ್ಳಿ.