ಕೊನೆಯ ತುಂಡು ಅತ್ತೆಯ ತುರುಬಿನಲ್ಲಿ

ನಮ್ಮ ಅತ್ತೆ ಕಳ್ಳಿ. ಇದನ್ನು ಯಾರ ಕಿವಿಯಲ್ಲೋ ಪಿಸುಗುಟ್ಟುತ್ತಿಲ್ಲ, ಎಲ್ಲರೆದುರಿಗೇ ಹೇಳುತ್ತಿದ್ದೇನೆ. ಅತ್ತೆ ಎಂದರೆ ಗಂಡನ ತಾಯಿ ಎಂದುಕೊಂಡು ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತವರು ದಯವಿಟ್ಟು ಎದ್ದು ಹೋಗಬಹುದು. ಗಂಡನ ತಾಯಿ ಪಾಪ, ಹಾಲು ಕುಡಿದು ಹೋದ ಬೆಕ್ಕಿಗೂ ಏರುದನಿಯಲ್ಲಿ ಬೈದವರಲ್ಲ. ನಾನು ಹೇಳುತ್ತಿರುವುದು ನಮ್ಮಪ್ಪನ ಅಕ್ಕನ ವಿಷಯ. ಈಕೆ ಕದಿಯುವುದು ಬಂಗಾರವನ್ನಲ್ಲ, ಬೆಳ್ಳಿಯನ್ನಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪ್ಲೈವುಡ್ ತುಂಡನ್ನು. ಅದೂ ತಾನೇ ಕೊಟ್ಟ ಉಡುಗೊರೆಯೊಳಗಿನಿಂದ! ಇಂಥ ಕಳ್ಳತನಕ್ಕೆ ಯಾವ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ನೀವೇ ಹೇಳಿ.

ಅತ್ತೆ ಬಳ್ಳಾರಿಯಲ್ಲಿ ಆಯುಷ್ಯವೆಲ್ಲ ಜೀನ್ಸ್ ಹೊಲಿದವಳು. ಕತ್ತರಿಸಿದ ಬಟ್ಟೆಯ ಗಂಟು ಮನೆಗೇ ಬರುತ್ತಿತ್ತು, ಈಕೆ ಜೇಬು ಕೂಡಿಸಿ ಕಳಿಸುತ್ತಿದ್ದಳು. ಯಾವ ಯಾವ ಊರಿನ ಗಂಡಸರು ನಮ್ಮ ಅತ್ತೆ ಹೊಲಿದ ಜೇಬಿನಲ್ಲಿ ಕೈ ಇಳಿಬಿಟ್ಟು ಓಡಾಡುತ್ತಿದ್ದಾರೋ ದೇವರಿಗೇ ಗೊತ್ತು. ವಯಸ್ಸಾಯಿತು, ಇನ್ನು ಸಾಕು, ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿರು ಎಂದು ಮಗ ಹೇಳಿದ. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಮೊಬೈಲು ನೋಡುತ್ತ ಕೂತಳು. ಕೆಟ್ಟದ್ದು ಅಲ್ಲಿಯೇ. ಆ ಮೊಬೈಲಿನಲ್ಲಿ ಯಾವನೋ ಪುಣ್ಯಾತ್ಮ ಸ್ಕ್ರಾಲ್ ಸಾ ಎಂಬ ಯಂತ್ರದಲ್ಲಿ ಮರದ ಜಿಂಕೆ ಕತ್ತರಿಸುತ್ತಿದ್ದ. ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರ. ದಾರದಷ್ಟು ಸಣ್ಣ ಗರಗಸದ ಬ್ಲೇಡು ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ, ಹಲಗೆಯನ್ನು ನಾವು ಬೇಕಾದ ಕಡೆ ತಿರುಗಿಸುತ್ತ ಹೋಗಬೇಕು. ಅತ್ತೆ ಹಟ ಹಿಡಿದು ಅದನ್ನು ತರಿಸಿಕೊಂಡಳು.

“ಇದೂ ಹೊಲಿಗಿ ಮಷಿನ್ನೇ ನೋಡವಾ,” ಎಂದು ನನಗೆ ಪಾಠ ಮಾಡಿದಳು. “ಅದು ಕೂಡಸ್ತಿತ್ತು, ಇದು ಬಿಡಸ್ತೈತಿ. ಕೈಗೆ ರೂಢಿ ಐತಿ.”

ಕೈಗೆ ರೂಢಿಯಿತ್ತು, ನಿಜ. ಆದರೆ ಕಣ್ಣಿಗೆ ಗೊತ್ತಿದ್ದದ್ದು ಒಂದೇ ಪ್ರಾಣಿ, ಗಿಣಿ. ನವಿಲು ಮಾಡಿದರೂ ಗಿಣಿಯಾಗುತ್ತಿತ್ತು, ಎತ್ತು ಮಾಡಿದರೂ ಮುಖ ಗಿಣಿಯದೇ. ಪಾರ್ವತಿನಗರದ ಪರಿಚಯದವರೊಬ್ಬರು ದೇವರ ಕೋಣೆಯ ಬಾಗಿಲಿಗೆ ಗಣಪತಿ ಕತ್ತರಿಸಿ ಕೊಡಿ ಎಂದು ಕೇಳಿ, ಬಂದದ್ದನ್ನು ನೋಡಿ, ಭಕ್ತಿಯಿಂದ ಕೈ ಮುಗಿದು, ಬಾಲ್ಕನಿಯಲ್ಲಿ ನೇತುಹಾಕಿದರು.

ಅಲ್ಲಿಗೆ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ ಅತ್ತೆ ಕುರುಗೋಡಿಗೆ ನಮ್ಮ ಮನೆಗೆ ಬಂದಾಗಲೆಲ್ಲ ಮರದ ಸಾಮಾನುಗಳನ್ನು ಸಂತೆಯಲ್ಲಿ ಕುರಿ ಮುಟ್ಟಿ ನೋಡಿದಂತೆ ಮುಟ್ಟಿ ನೋಡತೊಡಗಿದಳು. ಒಂದು ದಿನ ನನ್ನ ಚಪಾತಿ ಮಣೆ ಮಾಯವಾಯಿತು. ಮುಂದಿನ ವಾರ ಮರಳಿ ಬಂತು, ಮೈತುಂಬ ಹೂವಿನ ತೂತುಗಳೊಂದಿಗೆ!

“ಅತ್ತೀ, ಇದರ ಮ್ಯಾಲೆ ಚಪಾತಿ ಹ್ಯಾಂಗ ಲಟ್ಟಸಲಿ?”

“ಹೂವಿನ ಚಪಾತಿ ತಿನ್ರಿ. ಯಾರು ಬ್ಯಾಡ ಅಂದಾರ?”

ನನ್ನ ಗಂಡ ನನ್ನ ಪಕ್ಷ ವಹಿಸಬೇಕಿತ್ತು. ಅದು ಬಿಟ್ಟು, ಉಬ್ಬಿದ ಹೂವುಗಳ ಚಪಾತಿಯನ್ನು ಡಬ್ಬಿಯಲ್ಲಿ ಆಫೀಸಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದರು. ಇನ್ನು ಯಾರಿಗೆ ಹೇಳಿಕೊಳ್ಳುವುದು?

ಇರಲಿ. ಮಣೆಯ ವಿಷಯ ಕ್ಷಮಿಸಿದ್ದೇನೆ. ಈಗ ಆ ತುಂಡಿನ ವಿಷಯಕ್ಕೆ ಬರುತ್ತೇನೆ.

ನಮ್ಮಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಭತ್ತ ನೋಡಿ ತೆಗೆದುಕೊಳ್ಳುವ ಕೆಲಸದಲ್ಲಿದ್ದ. ದೇಶನೂರಿನ ಕಡೆಯಿಂದ ಬಂದ ಭತ್ತವನ್ನು ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, “ಹಸಿ ಐತಿ, ಇನ್ನಾ ಒಣಗಸ್ರಿ” ಅನ್ನುತ್ತಿದ್ದ. ನಿದ್ದೆಯಲ್ಲೂ ಆ ಎರಡು ಬೆರಳು ತಿಕ್ಕಾಡುತ್ತಿದ್ದವು ಎಂದು ಅವ್ವ ನಗುತ್ತಿದ್ದಳು. ಅವ್ವ ಹೋದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹಾಸಿಗೆಯ ಮೇಲೆ ಬೇರೆಯವರ ಕೈಯಂತೆ ಬಿದ್ದುಕೊಂಡಿತು. ನಾನು ಅಪ್ಪನನ್ನು ಕುರುಗೋಡಿಗೆ ಕರೆತಂದೆ.

ಫಿಸಿಯೋಥೆರಪಿಯವರು ಬಂದು ನೋಡಿ, ಕೈ ಮತ್ತೆ ಬರಬಹುದು, ಆದರೆ ಅವರೇ ಪ್ರಯತ್ನಪಡಬೇಕು, ಸಣ್ಣ ಸಣ್ಣ ವಸ್ತುಗಳನ್ನು ಎತ್ತಿಸಿ ಎಂದರು. ನಾನು ಬಟಾಣಿ ಇಟ್ಟೆ, ಅಂಗಿಯ ಗುಂಡಿ ಇಟ್ಟೆ, ಕೊನೆಗೆ ಅಪ್ಪನಿಗೆ ಪ್ರೀತಿಯ ಭತ್ತವನ್ನೇ ತಟ್ಟೆಯಲ್ಲಿ ಹರಡಿಟ್ಟೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಮಾತು ನಿಂತಿರಲಿಲ್ಲ, ಆದರೂ ಆಡುತ್ತಿರಲಿಲ್ಲ. ನಾನು ತುತ್ತು ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಗಳ ಕೈಯಿಂದ ತಿನ್ನುವುದನ್ನು ನೋಡಲಾರದೆ ಹಾಗೆ ಮಾಡುತ್ತಿದ್ದ ಎಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದೇ ನನಗೆ ಹೆಚ್ಚು ಸಂಕಟ.

ಆಗ ಬಂದಳು ನೋಡಿ ಅತ್ತೆ, ಬಸ್ಸಿಳಿದು, ಎಲೆ ಅಡಿಕೆಯ ಚೀಲ ಹಿಡಿದು. ಕಾಯಿಲೆಯವರನ್ನು ನೋಡಲು ಬರುವವರು ಹಣ್ಣು ತರುತ್ತಾರೆ, ಬ್ರೆಡ್ಡು ತರುತ್ತಾರೆ. ಈಕೆ ತಂದದ್ದು ಎತ್ತಿನ ಚಿತ್ರ ಬರೆದು ವಕ್ರವಕ್ರವಾಗಿ ಕತ್ತರಿಸಿದ ಹಲಗೆಯ ತುಂಡುಗಳು. ಅಪ್ಪನ ಮಂಚದ ಮೇಲೆ ಸುರುವಿ, ತಾನೇ ಜೋಡಿಸತೊಡಗಿದಳು. ಬಾಲವನ್ನು ಮುಖದ ಹತ್ತಿರ ತುರುಕಿದಳು. ಕಾಲನ್ನು ಬೆನ್ನಿಗೆ ಒತ್ತಿದಳು. ಅಪ್ಪ ಓರೆಗಣ್ಣಿನಿಂದ ನೋಡಿದ, ತಡೆದುಕೊಂಡ, ಮತ್ತೆ ನೋಡಿದ, ಕೊನೆಗೆ ತಡೆಯಲಾರದೆ ಎಡಗೈ ಚಾಚಿ ಬಾಲ ಕಿತ್ತು ಸರಿಯಾದ ಜಾಗಕ್ಕಿಟ್ಟ. ನಾನು ಬಾಗಿಲಲ್ಲೇ ನಿಂತು ನೋಡಿದೆ. ಎತ್ತು ಪೂರ್ತಿಯಾಗುತ್ತ ಬಂತು. ಕಣ್ಣಿನ ಜಾಗದ ತುಂಡು ಮಾತ್ರ ಇಲ್ಲ.

“ಮುಂದಿನ ವಾರ ತರ್ತೀನಿ,” ಅಂದಳು ಅತ್ತೆ, ಎದ್ದು ಸೆರಗು ಕೊಡವುತ್ತ.

ಮುಂದಿನ ವಾರವಂತೆ! ಒಂದು ವಾರ ಕುರುಡು ಎತ್ತು ನಮ್ಮ ಮನೆಯಲ್ಲಿ ಮಲಗಿತ್ತು. ನಾನು ಫೋನ್ ಮಾಡಿ, ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸು ಎಂದೆ. “ಕಂಡಕ್ಟರ್ ಕೈಯಾಗ ಕೊಡಾಕ ಅದೇನು ಲಗ್ನಪತ್ರಿಕೇನು?” ಎಂದು ಫೋನ್ ಇಟ್ಟುಬಿಟ್ಟಳು. ಮುಂದಿನ ವಾರ ಬಂದು, ಕಣ್ಣನ್ನು ತಾನೇ ಕೂರಿಸಿ, “ಗೆದ್ದೆ” ಎಂದು ಅಪ್ಪನ ಮುಖದ ಮುಂದೆ ಚಪ್ಪಾಳೆ ತಟ್ಟಿ, ಹೊಸ ಚಿತ್ರದ ತುಂಡುಗಳನ್ನು ಕೊಟ್ಟು ಹೋದಳು. ಅದರಲ್ಲೂ ಒಂದು ತುಂಡು ಇರಲಿಲ್ಲ.

“ಸಣ್ಣಾಕಿ ಇದ್ದಾಗಿಂದ ಕಳ್ಳಿನೇ ಅಕಿ,” ಅಂದ ಅಪ್ಪ. “ಕಲ್ಲಾಟ ಆಡುವಾಗ ಒಂದು ಕಲ್ಲು ಲಂಗದಾಗ ಮುಚ್ಚಿಡ್ತಿದ್ಲು.”

ಲಕ್ವ ಹೊಡೆದ ಮೇಲೆ ಅಪ್ಪ ಆಡಿದ ಮೊದಲ ಉದ್ದನೆಯ ಮಾತು ಇದು. ದಿನಾ ಉಣಿಸಿ, ಒರೆಸಿ, ಮಗ್ಗುಲು ಬದಲಿಸುವವಳು ನಾನು. ಮಾತು ಬಂದದ್ದು ಆಕೆಯನ್ನು ಬೈಯಲಿಕ್ಕೆ! ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆಮೇಲೆ ಅತ್ತೆ ಬಂದ ಕೂಡಲೇ ತಪಾಸಣೆ ಶುರು ಮಾಡಿದೆ. ಚೀಲ ಸುರುವಿದೆ, ಸುಣ್ಣದ ಡಬ್ಬಿ ತೆರೆದೆ. ಸಿಗಲಿಲ್ಲ. ಒಮ್ಮೆ ಆಕೆ ಊಟಕ್ಕೆ ಬಗ್ಗಿದಾಗ ತುರುಬಿನಿಂದ ಆ ವಾರದ ನವಿಲಿನ ಚಿತ್ರದ ಗರಿಯ ತುಂಡು ಸಾರಿನ ಬಟ್ಟಲಿಗೆ ಬಿತ್ತು. ನಾಚಿಕೆಯೂ ಇಲ್ಲ, ಏನೂ ಇಲ್ಲ. ತೆಗೆದು ಸೆರಗಿಗೆ ಒರೆಸಿ ಮತ್ತೆ ತುರುಬಿಗೆ ಸಿಕ್ಕಿಸಿಕೊಂಡಳು. ನಾನೇ ರಟ್ಟಿನಲ್ಲಿ ಅಂಥದೇ ತುಂಡು ಕತ್ತರಿಸಿ, ಬಣ್ಣ ಬಳಿದು ಕೂರಿಸಿದೆ. ಅಪ್ಪ ಎಡಗೈಯಿಂದ ಅದನ್ನು ಎತ್ತಿ ಕೆಳಗೆ ಬಿಟ್ಟ. “ಅಕಿ ತರ್ತಾಳ,” ಅಂದ.

ಒಂದು ವಾರ ಅಕಿ ತರಲಿಲ್ಲ. ಮೊಮ್ಮಗಳಿಗೆ ಜ್ವರವಂತೆ. ಅಪ್ಪ ಬೆಳಿಗ್ಗೆಯಿಂದ ಬಾಗಿಲು ನೋಡುತ್ತ ಕೂತ. ಮಧ್ಯಾಹ್ನ ಊಟ ಬೇಡವೆಂದ. ಫಿಸಿಯೋಥೆರಪಿಯವರು ಬಂದರೆ ಹಳೆಯ ಹಾಗೆ ಗೋಡೆಗೆ ತಿರುಗಿದ. ಬಲಗೈಯಂತೂ ಈವರೆಗೆ ಒಂದು ತುಂಡನ್ನೂ ಮುಟ್ಟಿರಲಿಲ್ಲ. ನನ್ನ ತಾಳ್ಮೆ ಹರಿಯಿತು. ಫೋನ್ ಹಚ್ಚಿದೆ.

“ಅತ್ತೀ, ಅಪ್ಪ ಏನು ನಿನ್ನ ಆಟದ ಸಾಮಾನಾ? ಕೊಟ್ರ ಪೂರ್ತಿ ಕೊಡು. ಇಲ್ಲಾಂದ್ರ ಬರಬ್ಯಾಡ.”

ಆ ಕಡೆ ಯಂತ್ರ ಗುಂಯ್‌ಗುಡುತ್ತಿತ್ತು. ಅದು ನಿಂತಿತು. “ಆತು ಬಿಡವಾ,” ಅಂದಳು.

ಮುಂದಿನ ವಾರ ಅತ್ತೆ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಂದಳು. ಗಿಣಿ. ಈ ಸಲ ಬೇಕೆಂದೇ ಮಾಡಿದ ಗಿಣಿ. “ಪೂರ್ತಿ ಐತಿ. ನೋಡ್ಕೋ,” ಎಂದು ನನ್ನ ಕೈಗಿಟ್ಟಳು. ಬಿಡುತ್ತೇನೆಯೇ? ಅಪ್ಪನ ಮಂಚದ ಮೇಲೆ ನಾನೇ ಜೋಡಿಸಿ ನೋಡಿ, ಪೂರ್ತಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬಿಡಿಸಿಟ್ಟು ಚಹಾಕ್ಕೆ ಒಳಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಗಿಣಿ ಜೋಡಿಸಿದ್ದ. ಗಿಣಿಗೆ ಕೊಕ್ಕಿರಲಿಲ್ಲ.

ನಾನು ಚಹಾದ ಲೋಟ ಕುಕ್ಕಿದೆ. “ಅತ್ತೀ.”

“ನಾ ತಗೊಂಡಿಲ್ಲವಾ,” ಅಂದಳು ಅತ್ತೆ. ಚೀಲ ಸುರುವಿದಳು. ಸೆರಗು ಕೊಡವಿದಳು. ನಾನು ಕೇಳುವ ಮುಂಚೆಯೇ ತುರುಬು ಬಿಚ್ಚಿದಳು. ಬಿಳಿ ಕೂದಲು ಭುಜದ ಮೇಲೆ ಹರಡಿತು, ಅದರಿಂದ ಏನೂ ಬೀಳಲಿಲ್ಲ. “ತಮ್ಮನ ಆಣಿ ಮಾಡ್ತೀನಿ, ಈ ಸಲ ನಾ ತಗೊಂಡಿಲ್ಲ,” ಎಂದಳು. ಅಷ್ಟು ವಯಸ್ಸಿನವಳು ನೆಲಕ್ಕೆ ಕೂತು ಮಂಚದ ಕೆಳಗೆ ಕೈಯಾಡಿಸತೊಡಗಿದಳು. ನಾನೂ ಬಗ್ಗಿದೆ.

ಮಂಚ ಅಲುಗುತ್ತಿತ್ತು. ತಲೆಯೆತ್ತಿ ನೋಡಿದರೆ ಅಪ್ಪ ಗೋಡೆಯ ಕಡೆ ಮುಖ ಮಾಡಿ, ಸದ್ದಿಲ್ಲದೆ, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದ.

ಅತ್ತೆ ಹೊದಿಕೆ ಸರಿಸಿದಳು. ಅಪ್ಪನ ಬಲಗೈ ಅಲ್ಲಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಗಿಣಿಯ ಕೆಂಪು ಕೊಕ್ಕು. ಬೆರಳು ನಡುಗುತ್ತಿದ್ದವು, ಆದರೆ ಬಿಟ್ಟಿರಲಿಲ್ಲ. ಭತ್ತ ಹಸಿಯೋ ಒಣಗಿದೆಯೋ ನೋಡುವವನ ಹಾಗೆ ಅದನ್ನು ನಿಧಾನವಾಗಿ ತಿಕ್ಕುತ್ತಿದ್ದ.

ನನ್ನ ಕಣ್ಣು ತುಂಬಿ ಕೋಣೆಯೆಲ್ಲ ಮಂಜಾಯಿತು. ಅತ್ತೆ ಬಿಚ್ಚಿದ ಕೂದಲಲ್ಲೇ ಕೂತು, ಅಳುತ್ತ, ಅಂಗೈ ಚಾಚಿದಳು.

“ಕೊಡಲೇ, ಕಳ್ಳಾ.”

ಅಪ್ಪ ಕೈಯನ್ನು ಎದೆಗೆ ಎಳೆದುಕೊಂಡ.

“ಮುಂದಿನ ವಾರ ಬಾ, ಅಕ್ಕಾ,” ಅಂದ. “ಕೊಡ್ತೀನಿ.”