ಶನಿವಾರದ ಕಬ್ಬಿಣ

ಶನಿವಾರ ಮನೆಗೆ ಕಬ್ಬಿಣ ತರಬಾರದು ಎಂಬುದು ಸಿಂಧಘಟ್ಟದ ಸುತ್ತಮುತ್ತ ಸರ್ವಸಮ್ಮತ ಸಂಗತಿ. ಚಿಕ್ಕಮಕ್ಕಳಿಗೆ ಕಬ್ಬಿಣಾಂಶದ ಸಿರಪ್ಪನ್ನು ಬುಧವಾರ ಮತ್ತು ಶನಿವಾರವೇ ಕುಡಿಸತಕ್ಕದ್ದು ಎಂಬುದು ರಕ್ತಹೀನತೆ ನಿವಾರಣಾ ಕೋಶದ ಸುತ್ತೋಲೆ. ಎರಡೂ ತಮ್ಮ ತಮ್ಮ ಪಾಡಿಗೆ ಸರಿಯಾಗಿಯೇ ಇದ್ದವು. ಮಧ್ಯೆ ಸಿಕ್ಕಿಕೊಂಡವಳು ಅಂಗನವಾಡಿ ಕಾರ್ಯಕರ್ತೆ ಪ್ರಮೀಳಾ.

ನಾಲ್ಕು ವರ್ಷದ ಹೇಮಶ್ರೀ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದ್ದಳು. ಆಟಕ್ಕೆ ಕರೆದರೆ ನಾಲ್ಕು ಹೆಜ್ಜೆ ಓಡಿ ಕೂತುಬಿಡುತ್ತಿದ್ದಳು. ಕೂತಲ್ಲೇ ಅಂಗನವಾಡಿಯ ಮಣ್ಣುಗೋಡೆ ಕೆರೆದು ತಿನ್ನುತ್ತಿದ್ದಳು. ಸಿರಪ್ಪು ಹೊಟ್ಟೆಗೆ ಬಿದ್ದರೆ ಮಗು ಚಿಗುರೀತು ಎಂದು ಪ್ರಮೀಳಾಗೆ ಆಸೆ.

"ಶನಿವಾರ ಮಾತ್ರ ಬ್ಯಾಡ ಕಣಮ್ಮಿ," ಎಂದಳು ಮಗುವಿನ ಅಜ್ಜಿ ಜಯಲಕ್ಷ್ಮಮ್ಮ. "ಮಚ್ಚು ಕುಡ್ಲನ್ನೇ ತರಾಕಿಲ್ಲ ನಾವು, ಇನ್ನು ಒಟ್ಟೆ ಒಳೀಕೆ ಬುಟ್ಕಂಡೇವಾ? ಸೋಮ್ವಾರ ಕೊಡು, ನಾನೇ ಬಾಯಿ ಅಗಲಿಸಿ ಇಡ್ಕತೀನಿ."

ಪ್ರಮೀಳಾ ಇದನ್ನಷ್ಟೇ ಮೇಲಿನವರನ್ನು ಕೇಳಿದಳು. ಕೇಳಬಾರದಿತ್ತು.

ಕೆ.ಆರ್. ಪೇಟೆಯಿಂದ ಕೋಶದ ಅಧಿಕಾರಿ ಸುಧೀಂದ್ರ ಜೀಪಿನಲ್ಲಿ ಬಂದರು. "ವಾರ ಬದಲಿಸುವ ಅಧಿಕಾರ ನನಗಿಲ್ಲಮ್ಮ. ಬೇಕಾದರೆ ಶನಿವಾರದ ದೋಷ ತೆಗೆಸಬಹುದು. ಅದಕ್ಕೆ ಸಮಿತಿ ಮಾಡಲು ಅವಕಾಶವಿದೆ."

"ಅಲ್ಲೀವರೆಗೂ ಬುಧವಾರದ್ದು ಕೊಡ್ಲಾ ಸಾರ್?"

"ವಾರಕ್ಕೆ ಎರಡು ಸಲ ಅಂತಿದೆ. ಒಂದೇ ಕೊಟ್ಟರೆ ಅದು ನಿಯಮಬಾಹಿರ. ಎರಡೂ ಕೊಡದಿದ್ದರೆ ಬರೀ ವಿಳಂಬ."

ಹೀಗೆ ಶನಿದೋಷ ಪರಿಶೀಲನಾ ಸಮಿತಿ ರಚನೆಯಾಯಿತು. ಮೇಲುಕೋಟೆಯ ಜೋಯಿಸ ಅನಂತರಾಮು ಪ್ರಯಾಣಭತ್ಯೆ ಸಹಿತ ವಿಷಯತಜ್ಞರಾದರು. ಪ್ರಾದೇಶಿಕ ಸಮತೋಲನ ಕಾಪಾಡಲು ಮೊದಲ ಸಭೆ ಪಾಂಡವಪುರದಲ್ಲಿ. ಅಂದು ಅಮಾವಾಸ್ಯೆ, ಮುಂದೂಡಲಾಯಿತು. ಎರಡನೆಯದು ನಾಗಮಂಗಲದಲ್ಲಿ, ಊಟ ಚೆನ್ನಾಗಿತ್ತು. ಶ್ರೀರಂಗಪಟ್ಟಣದ ಹೊಳೆದಡದಲ್ಲಿ ಮೂರನೆಯದು ಸೇರಿ, ಸಿರಪ್ಪಿನಲ್ಲಿ ನೀರಾಗಿದ್ದರೂ ಕಬ್ಬಿಣ ಕಬ್ಬಿಣವೇ ಎಂದು ತೀರ್ಮಾನಿಸಿತು. ಅಷ್ಟರಲ್ಲಿ ಸಿರಪ್ಪಿನ ಅವಧಿ ಮುಗಿದಿತ್ತು.

"ನಾನಂದಿದ್ದು ಸೋಮ್ವಾರ ಕೊಡಿ ಅಂತ, ಅಷ್ಟೇಯ," ಎಂದಳು ಜಯಲಕ್ಷ್ಮಮ್ಮ ಕೈಕೈ ಹಿಸುಕಿಕೊಳ್ಳುತ್ತ. "ಈ ಕೂಸು ಈಗ ನಡಿಯಾಕೂ ಅಳ್ತದೆ ಸ್ವಾಮಿ."

"ನಿಮ್ಮ ನಂಬಿಕೆಯನ್ನು ನಾವು ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೇವೆ. ಈಗ ನೀವೇ ಹಗುರ ಮಾಡಬಾರದು," ಎಂದರು ಸುಧೀಂದ್ರ.

ಅಂತಿಮ ಪರಿಶೀಲನೆಗೆ ಸಮಿತಿ ಅಂಗನವಾಡಿಗೆ ಬಂದಾಗ ಹೇಮಶ್ರೀ ಗೋಡೆ ತಿನ್ನುತ್ತಿದ್ದಳು.

ಸುಧೀಂದ್ರ ಬಗ್ಗಿ ನೋಡಿದರು. "ಕೆಮ್ಮಣ್ಣು. ಇದರಲ್ಲೂ ಕಬ್ಬಿಣವಿದೆ. ಜೋಯಿಸರೇ, ಮಣ್ಣಿಗೆ ಶನಿವಾರದ ದೋಷ ಉಂಟೇ?"

"ಭೂಮಿತಾಯಿಗೆ ಎಲ್ಲಿಯ ವಾರ," ಎಂದರು ಅನಂತರಾಮು.

"ಸಾರ್, ರಕ್ತ ಕಮ್ಮಿ ಆಗಿರೋದಕ್ಕೇ ಮಗು ಮಣ್ಣು ತಿಂತಿರೋದು," ಎಂದಳು ಪ್ರಮೀಳಾ.

"ನೋಡಿ, ಅಷ್ಟು ಸಣ್ಣ ಮಗುವಿಗೇ ಗೊತ್ತಾಗಿದೆ. ನಿಮಗೆ ಹೊಳೆಯಲಿಲ್ಲ."

ಈಗ ಆ ಕೇಂದ್ರದಲ್ಲಿ ಕಬ್ಬಿಣ ಪೂರೈಕೆ ನೂರಕ್ಕೆ ನೂರು. ಜಯಲಕ್ಷ್ಮಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಪ್ರಮೀಳಾ ತೋರಿಸಿದ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ ಹೋಗುತ್ತಾಳೆ. ಒಂದು ಗೋಡೆ ಆಗಲೇ ಮೊಣಕಾಲೆತ್ತರಕ್ಕೆ ಸವೆದಿದೆ. ಹೊಸ ಗೋಡೆಗೆ ಮಂಜೂರಾತಿ ಬಂದಿದ್ದು, ಗುದ್ದಲಿಪೂಜೆ ಸೋಮವಾರ. ಆ ವಾರಕ್ಕೆ ಯಾರ ಆಕ್ಷೇಪವೂ ಇರಲಾರದೆಂದು ಸಮಿತಿ ಅಭಿಪ್ರಾಯಪಟ್ಟಿದೆ.